ಹೀರಾ ಕರಿಮಣಿ ತೆಗೆದದ್ದು

ಹೀರಾ ಕರಿಮಣಿ ತೆಗೆದದ್ದು ಜುಲೈ ತಿಂಗಳ ಕೊನೆಯ ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ಎದುರಿಗೆ ಮಗಳು ವಿನುತಾ ಹ್ಯಾಂಡಿಕ್ಯಾಮ್ ಹಿಡಿದು ನಿಂತಿದ್ದಳು. ಬಾಗಿಲ ಬಳಿ ಅತ್ತೆ ತಿಮ್ಮಿ ಕೂತು ಒಣಶೆಟ್ಲಿ ಸಿಗಡಿಯ ತಲೆ ಮುರಿಯುತ್ತಿದ್ದಳು. ಗಂಡ ಮಂಗೇಶ ಗಟ್ಟಿಮುಟ್ಟಾಗಿ ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದ.

ಮಗಳ ಕಿರುಚಿತ್ರದ ಆ ಪಾತ್ರ ಮೊದಲು ಹೀರಾಳದ್ದಾಗಿರಲಿಲ್ಲ. ವಿನುತಾ ಅಂಕೋಲೆಯ ಕೇಣಿಯಿಂದ ದಿನಾ ಬಸ್ಸು ಹಿಡಿದು ಕಾರವಾರದ ಕಾಲೇಜಿಗೆ ಹೋಗುತ್ತಿದ್ದಳು, ಬಿ.ಎ. ಕೊನೆಯ ವರ್ಷ. ಎರಡು ಸಾವಿರದ ಆರನೇ ಇಸವಿಯ ಆ ಮಳೆಗಾಲದಲ್ಲಿ ಕಾಲೇಜಿನವರು ಹತ್ತು ನಿಮಿಷದ ಪತ್ತೇದಾರಿ ಕಿರುಚಿತ್ರಗಳ ಸ್ಪರ್ಧೆ ಇಟ್ಟಿದ್ದರು. ಅಂಕೋಲೆಯಲ್ಲಿ ಮದುವೆ ವಿಡಿಯೋ ಮಾಡುವ ಪ್ರದೀಪನ ಕ್ಯಾಮೆರಾ ಆಷಾಢದಲ್ಲಿ ಕೆಲಸವಿಲ್ಲದೆ ಕಪಾಟಿನಲ್ಲಿ ಕೂತಿತ್ತು. ವಿನುತಾ ನಾಲ್ಕು ಭಾನುವಾರ ಅವನ ಅಂಗಡಿಯಲ್ಲಿ ಕೂತು ಊರವರ ಮದುವೆ ಆಲ್ಬಮ್ಮುಗಳಿಗೆ ಫೋಟೋ ಅಂಟಿಸಿದಳು. ಅದಕ್ಕೆ ಪ್ರತಿಯಾಗಿ ಎಂಟು ದಿನದ ಮಟ್ಟಿಗೆ ಕ್ಯಾಮೆರಾ ಸಿಕ್ಕಿತು.

ಕತೆ ಅವಳೇ ಬರೆದದ್ದು. ಒಬ್ಬ ಮೀನುಗಾರ ಮನೆ ಹಿಂದಿನ ಬಾವಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕುಡಿದು ಬಿದ್ದ ಎಂದು ಊರೆಲ್ಲ ಹೇಳುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಮಾತ್ರ ಸಂಶಯ: ಸುದ್ದಿ ಬರುವ ಮೊದಲೇ ಹೆಂಡತಿಯ ಕೊರಳು ಬರಿದಾಗಿದ್ದು ಹೇಗೆ? ಕತೆಯ ಬೀಗ ತೆರೆಯುವುದೇ ಆ ಬರಿ ಕೊರಳಿನಿಂದ. ಹುಡುಗಿಯ ಪಾತ್ರಕ್ಕೆ ಸಹಪಾಠಿ ಪ್ರಗತಿ ಇದ್ದಳು. ಹೆಂಡತಿಯ ಪಾತ್ರಕ್ಕೆ ಪಕ್ಕದ ಮನೆಯ ಗಂಗಿ ಹೊಸ ಸೀರೆ ಉಟ್ಟು ಬಂದಿದ್ದಳು. ಕರಿಮಣಿ ತೆಗೆಯಬೇಕು ಎಂದು ಕೇಳಿದ್ದೇ ಎದ್ದು ನಿಂತಳು.

"ಅಯ್ಯೋ ದೇವ್ರೇ! ಇದೆಂತಾ ಕತೆ ಹೆಣ್ಣೆ? ನನ್ನ ಗಂಡ ಗಟ್ಟಿ ಇದ್ದಾ. ಮುಂದಿನ ತಿಂಗ್ಳು ಬೋಟು ಇಳೀತದೆ. ನಂಗೆ ಬೇಡ ನಿನ್ನ ಸಿನೆಮಾ."

"ಪೇಟೆಯಿಂದ ಸುಳ್ಳು ಕರಿಮಣಿ ತಂದಿದ್ದೆ ಗಂಗಕ್ಕಾ. ಅದನ್ನ ಹಾಕ್ಕಂಡು ಅದನ್ನೇ ತೆಗ್ದ್ರೆ ಸಾಕು."

"ಅದು ಹಾಕೂಕೆ ಇದನ್ನ ತೆಗೀಬೇಕಲೇ!" ಎಂದವಳು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಹೊರಟೇ ಹೋದಳು.

ಪ್ರಗತಿ ತಾನೇ ಮುದುಕಿಯಂತೆ ತಲೆಗೆ ಹಿಟ್ಟು ಬಳಿದುಕೊಂಡು ಮಾಡುತ್ತೇನೆ ಎಂದಳು. ಒಲೆಯ ಮುಂದಿದ್ದ ಹೀರಾ ಗಂಜಿಯ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಬಂದಳು.

"ಇಪ್ಪತ್ತು ವರ್ಷದ ಹುಡ್ಗಿ ಮೀನು ಮಾರೂಳು ಅಂದ್ರೆ ಯಾರು ನಂಬ್ತ್ರು? ಅವ್ಳ ಕೈ ನೋಡು, ನನ್ನ ಕೈ ನೋಡು. ಎಲ್ಲಿ ನಿಲ್ಬೇಕು ಹೇಳು."

"ಆಯಿ, ಬೇಡ. ಅಪ್ಪಂಗೆ ಗೊತ್ತಾದ್ರೆ..."

"ಗಂಜಿ ಆರ್ತದೆ. ಬೇಗ ಹೇಳು."

ಅವಳು ಗೋಡೆಯ ಕನ್ನಡಿಯ ಮುಂದೆ ನಿಂತು, ಕುಂಕುಮ ಒರೆಸಿ, ತನ್ನ ನಿಜದ ಕರಿಮಣಿಯನ್ನೇ ತಲೆಯ ಮೇಲಿನಿಂದ ತೆಗೆದು ಮೊಳೆಗೆ ಹಾಕಿದಳು. ಅಳಲಿಲ್ಲ, ನಡುಗಲಿಲ್ಲ. ಸಂತೆಯಿಂದ ಬಂದವಳು ತಲೆಯ ಸಿಂಬಿ ತೆಗೆದಿಡುವ ಹಾಗೆ ತೆಗೆದಿಟ್ಟಳು. ವಿನುತಾಳ ಕ್ಯಾಮೆರಾ ಅಲ್ಲಾಡಿತು. ಹೀರಾ ಕರಿಮಣಿ ಹಾಕಿಕೊಂಡು ಮತ್ತೆ ನಿಂತಳು. ಎರಡನೇ ಸಲ ಹೊರಗೆ ಐಸಿನ ಲಾರಿ ಹಾರ್ನ್ ಹೊಡೆಯಿತು. ಮೂರನೇ ಸಲ ಎಲ್ಲ ಸರಿಯಾಗಿ ಬಂತು. ತಿರುಗಿ ನೋಡಿದರೆ ಬಾಗಿಲ ಬಳಿ ಅಜ್ಜಿ ಇರಲಿಲ್ಲ. ಅರ್ಧ ಮುರಿದ ಒಣಶೆಟ್ಲಿ ಮೊರದಲ್ಲೇ ಇತ್ತು. ಆ ದಿನ ತಿಮ್ಮಿ ಊಟ ಮಾಡಲಿಲ್ಲ. ಕರೆಯಲು ಹೋದ ವಿನುತಾಳಿಗೆ, "ಹಸಿವಿಲ್ಲ, ಹೋಗು" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಮಂಗೇಶನಿಗೆ ಸುದ್ದಿ ಮನೆ ತಲುಪುವ ಮೊದಲೇ ಮುಟ್ಟಿತ್ತು. ಸಂಜೆ ಬಸ್ಸಿಳಿದವನನ್ನು ಗಂಗಿಯ ಗಂಡನೇ ದಾರಿಯಲ್ಲಿ ನಿಲ್ಲಿಸಿ ಹೇಳಿದ್ದ. ಮನೆಗೆ ಬಂದವನು ಛತ್ರಿಯನ್ನು ಮೂಲೆಗೆ ಎಸೆದ.

"ನಾನು ಸತ್ತಿದ್ನಾ ಹೀರಾ?"

"ಚಾ ಕುಡೀರಿ ಮೊದ್ಲು."

"ಚಾ ಬೇಡ. ನಾ ಇನ್ನೂ ಇಲ್ಲೇ ನಿಂತಿರೂವಾಗ, ಕೊರಳು ಬರಿದು ಮಾಡ್ಕಂಡು ಫೋಟೋ ತೆಗೆಸ್ಕಂಡೆ ಅಂತ್ರು!"

"ಫೋಟೋ ಅಲ್ಲ ಅಪ್ಪಾ, ವಿಡಿಯೋ. ಕತೆ ಒಮ್ಮೆ ಕೇಳು..."

"ನೀ ಬಾಯಿ ಮುಚ್ಚು! ಕತೆ ಗಿತೆ ಬೇಡ ನಂಗೆ. ಕಾಲೇಜಿಗೆ ಓದೂಕೆ ಕಳಿಸದ್ದೋ, ಅಪ್ಪನ್ನ ಕೊಲ್ಲೂಕೆ ಕಳಿಸದ್ದೋ?"

ಹೀರಾ ಚಾ ಲೋಟವನ್ನು ಅವನ ಮುಂದೆ ಇಟ್ಟಳು. "ಹೋದ ವರ್ಷ ನಿಮ್ಗೆ ಬಲೆಯಲ್ಲಿ ಪಾಲು ಹಾಕೂಕೆ ದುಡ್ಡು ಬೇಕಾದಾಗ ಇದು ಎಲ್ಲಿತ್ತು?"

"ಯಾವ್ದು?"

"ಈ ಕರಿಮಣಿ. ಮೂರು ತಿಂಗ್ಳು ಸೊಸೈಟಿ ಕಪಾಟಲ್ಲಿ ಅಡವಿತ್ತು. ನೀವೇ ಬಿಚ್ಚಿ ಕೊಂಡ್ಹೋದದ್ದು. ಆಗ ನೀವು ಸತ್ತಿದ್ರಾ?"

"ಆಗ ನೀ ದಾರಕ್ಕೆ ಅರಿಶಿಣ ಕೊಂಬು ಕಟ್ಕಂಡಿದ್ದೆ."

"ಕಟ್ಕಂಡಿದ್ದೆ. ಎಂಟು ದಿನಕ್ಕೆ ಮೀನು ನೀರಿಗೆ ಕೊಳ್ತು ಹೋಯ್ತು. ಆಮೇಲೆ ಬರೀ ಕೊರಳಲ್ಲೇ ಇದ್ದೆ. ನೀವು ನೋಡಿರ್ಲಿಲ್ಲ."

ಮಂಗೇಶ ಲೋಟವನ್ನು ಆಚೆ ಸರಿಸಿದ. ಚಾ ಕುಡಿಯದೆ ಎದ್ದು ಹೋದ.

ಇಷ್ಟರಲ್ಲೇ ಮುಗಿಯಬಹುದಾಗಿದ್ದ ಜಗಳ ಅದು. ಆದರೆ ಆಗಸ್ಟಿನಲ್ಲಿ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ನೀರಿಗಿಳಿಯುವ ಹೊತ್ತು ಬಂತು. ಹನ್ನೊಂದು ವರ್ಷ ರಾಮಾ ಎಂಬವನ ಬೋಟಿನಲ್ಲಿ ಖಲಾಸಿಯಾಗಿ ದುಡಿದಿದ್ದ ಮಂಗೇಶನಿಗೆ ಈ ಸಲ ತಾಂಡೇಲನ ಕೆಲಸ ಎಂದು ಮಾತಾಗಿತ್ತು. ಬೋಟು ನಡೆಸುವವನು ಅವನೇ, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನೂ ಅವನೇ. ಬೋಟಿನ ಪೂಜೆಯ ದಿನ ಹೊಸ ಲುಂಗಿ ಉಟ್ಟು ಹೋದವನು ಮಧ್ಯಾಹ್ನವೇ ಚೀಲ ಹಿಡಿದು ವಾಪಸು ಬಂದ. ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು.

"ಖಲಾಸಿಗಳು ಒಬ್ರೂ ಹತ್ತೂದಿಲ್ಲ ಅಂದ್ರು," ಎಂದ. "ಮುಂಡೆ ಗಂಡ ನಡೆಸೂ ಬೋಟಿಗೆ ನಾವು ಬರೂದಿಲ್ಲ ಅಂತ ಬೀರಾ ಎಲ್ಲರ ಮುಂದೆ ಹೇಳ್ದ."

"ಮಾಲಕ್ರು ಎಂತಾ ಹೇಳಿದ್ರು?" ಹೀರಾ ಕೇಳಿದಳು.

"ದಾರಿ ಹೇಳಿದಾರೆ. ನೀನು ದೇವಸ್ಥಾನಕ್ಕೆ ಬಂದು ಖಲಾಸಿಗಳ ಮುಂದೆ ತಪ್ಪಾಯ್ತು ಅಂತ ಕಾಯಿ ಒಡೀಬೇಕು. ನಾನು ನಿಂಗೆ ಮತ್ತೆ ಕರಿಮಣಿ ಕಟ್ಬೇಕು. ಆ ಕ್ಯಾಸೆಟ್ಟನ್ನ ಅವ್ರ ಕೈಗೆ ಕೊಡ್ಬೇಕು, ಸಮುದ್ರಕ್ಕೆ ಬಿಸಾಡ್ತ್ರು. ಸೋಮವಾರ ಬತ್ತೆವು ಅಂತ ಹೇಳಿ ಬಂದಿದ್ದೆ."

"ಯಾರನ್ನ ಕೇಳಿ ಹೇಳಿದ್ರಿ?"

"ಯಾರನ್ನ ಕೇಳ್ಬೇಕು?"

"ನನ್ನ. ನಾ ತಪ್ಪು ಮಾಡಿದ್ರೆ ಹತ್ತು ಕಾಯಿ ಒಡೀತೆ. ಮಾಡ್ಲಿಲ್ಲ. ಒಡೆಯೂದಿಲ್ಲ."

"ಒಂದು ಕಾಯಿ ಹೀರಾ! ತಾಂಡೇಲ ಆಗೂಕೆ ಹನ್ನೊಂದು ವರ್ಷ ಕಾದಿದ್ದೆ."

"ಗೊತ್ತಿದೆ. ಹನ್ನೊಂದು ವರ್ಷ ನಿಮ್ಮ ಕೆಲಸ ನೋಡ್ದವ್ರಿಗೆ ನಿಮ್ಮ ಕೈ ಮೇಲೆ ನಂಬಿಕೆ ಇಲ್ಲ, ನನ್ನ ಕೊರಳ ಮೇಲೆ ಇದ್ಯಾ? ಅಂಥವ್ರ ಜೀವ ನೀವು ಯಂತಕೆ ಕಾಯ್ಬೇಕು?"

ಸೋಮವಾರ ಬಂದು ಹೋಯಿತು. ಹೀರಾ ಎಂದಿನಂತೆ ಬೆಳಿಗ್ಗೆ ಬುಟ್ಟಿ ಹೊತ್ತು ಅಂಕೋಲೆಯ ಮೀನುಪೇಟೆಗೆ ಹೋದಳು.

ಆಮೇಲಿನ ಎರಡು ವಾರ ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲ. ಮಂಗೇಶ ಜಗಲಿಯಲ್ಲಿ ಕೂತು ಒಬ್ಬನೇ ಉಣ್ಣುತ್ತಿದ್ದ. ಉಪ್ಪು ಬೇಕಾದರೆ, "ವಿನುತಾ, ಉಪ್ಪು ಹಾಕೂಕೆ ಹೇಳು" ಎನ್ನುತ್ತಿದ್ದ. ಹೀರಾ ಒಳಗಿಂದಲೇ, "ಸಾರಲ್ಲಿ ಉಪ್ಪು ಸರಿ ಇದೆ ಅಂತ ಹೇಳು" ಎನ್ನುತ್ತಿದ್ದಳು. ಮಾಡಲು ಕೆಲಸವಿಲ್ಲದೆ ಅವನು ನೀರು ಸೇದಿದ, ಕಟ್ಟಿಗೆ ಒಡೆದ, ಹಿತ್ತಲ ಬೇಲಿ ಕಟ್ಟಿದ. ಬೆಳಗಿನ ಜಾವ ಊರಿನ ಗಂಡಸರೆಲ್ಲ ಬುತ್ತಿ ಹಿಡಿದು ಹೊರಟಾಗ ಅವನು ಮುಸುಕೆಳೆದು ಮಲಗುತ್ತಿದ್ದ.

ಪೇಟೆಯಲ್ಲಿ ಹೀರಾಳ ಪಕ್ಕ ಕೂರುತ್ತಿದ್ದ ಇಬ್ಬರು ತಮ್ಮ ಬುಟ್ಟಿಗಳನ್ನು ದೂರ ಎಳೆದುಕೊಂಡರು. ಹೀರಾ ಆ ಜಾಗಕ್ಕೂ ತನ್ನ ಮೀನು ಹರಡಿ, ಮೊದಲಿಗಿಂತ ಗಟ್ಟಿಯಾಗಿ ಕೂಗಿದಳು. ಒಬ್ಬ ಗಿರಾಕಿ ಬಗ್ಗಿ ನೋಡಿ, "ಸಿನೆಮಾದಲ್ಲಿ ವಿಧವೆ ಆದವ್ಳು ನೀನೇ ಅಲ್ಲದಾ?" ಎಂದ.

"ಹೌದು, ನಾನೇ. ಬಂಗಡೆ ಬೇಕಾ, ಬೇಡ್ವಾ?"

ಗಿರಾಕಿ ಹನ್ನೆರಡು ಬಂಗಡೆ ಕೊಂಡುಹೋದ.

ಸೋಲುತ್ತ ಬಂದವಳು ವಿನುತಾ. ಎಡಿಟಿಂಗ್ ಇನ್ನೂ ಆಗಿರಲಿಲ್ಲ, ಪ್ರದೀಪನ ಕಂಪ್ಯೂಟರ್ ಕೆಟ್ಟು ಕೂತಿತ್ತು. ಇದ್ದದ್ದು ಆ ಒಂದೇ ಕ್ಯಾಸೆಟ್. ಹೀರಾ ಅದನ್ನು ತನ್ನ ಸೀರೆಗಳ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಒಂದು ಸಂಜೆ ಮೀನು ಹಚ್ಚುತ್ತಿದ್ದ ತಾಯಿಯ ಪಕ್ಕ ಕೂತು ವಿನುತಾ ಅಂದಳು:

"ಆಯಿ, ಕೊಟ್ಬಿಡುವಾ. ಒಂದು ಸ್ಪರ್ಧೆಗಾಗಿ ಅಪ್ಪ ಮನೇಲಿ ಕೂರೂದು ಬೇಡ. ನಾನು ಮುಂದಿನ ವರ್ಷ ಬೇರೆ ಮಾಡ್ತೆ."

ಹೀರಾ ಕತ್ತಿ ನಿಲ್ಲಿಸಿದಳು. "ಅದರಲ್ಲಿ ಇರೂ ಮುಖ ಯಾರದ್ದು?"

"ನಿಂದು."

"ನಂದು. ಹಾಗಾದ್ರೆ ಕೊಡೂಕೆ ನೀ ಯಾರು? ಕ್ಯಾಮೆರಾ ಹಿಡಿಯೂಕೆ ಧೈರ್ಯ ಇದ್ದವ್ಳಿಗೆ ಹಿಡಿದದ್ದನ್ನ ಇಟ್ಕಳೂಕೆ ಇಲ್ವಾ? ಹೋಗು, ಕೊಬ್ರಿ ತುರಿ."

ಭಾನುವಾರ ಬೆಳಿಗ್ಗೆ ಹೀರಾ ಪೇಟೆಗೆ ಹೋದ ಮೇಲೆ ಮಂಗೇಶ ಒಳಕೋಣೆಗೆ ಹೋಗಿ ಟ್ರಂಕಿನ ಮುಚ್ಚಳ ಎತ್ತಿದ. ಬಟ್ಟೆ ಒಗೆಯುತ್ತಿದ್ದ ವಿನುತಾ ಸದ್ದು ಕೇಳಿ ಓಡಿ ಬಂದಳು. ಆದರೆ ಅವಳಿಗಿಂತ ಮೊದಲು ಅಜ್ಜಿ ಅಲ್ಲಿ ನಿಂತಿದ್ದಳು.

"ಮುಚ್ಚು ಅದನ್ನ," ಎಂದಳು ತಿಮ್ಮಿ.

"ಆಯಿ, ನೀ ನಡುವೆ ಬರ್ಬೇಡ. ನಿಂಗೂ ಸಿಟ್ಟು ಬಂದಿತ್ತು. ಆ ದಿನ ನೀ ಊಟ ಮಾಡ್ಲಿಲ್ಲ ಅಂತ ಗೊತ್ತಿದೆ ನಂಗೆ."

"ಸಿಟ್ಟು ಅಂತ ಯಾರು ಹೇಳಿದ್ರು ನಿಂಗೆ?"

ತಿಮ್ಮಿ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತಳು.

"ನಿನ್ನಪ್ಪ ಹೋದಾಗ ನಂಗೆ ಇಪ್ಪತ್ತಾರು. ನಿಂಗೆ ನಾಲ್ಕು. ಇದೇ ಅಂಗಳದಲ್ಲಿ ನಾಲ್ಕು ಹೆಂಗಸ್ರು ನನ್ನ ಹಿಡ್ಕಂಡ್ರು. ಒಬ್ಳು ಕಲ್ಲು ತಗಂಡು ಬಳೆ ಒಡೆದ್ಳು. ನೋಡು, ಇಲ್ಲಿ ಗಾಜು ಹೊಕ್ಕ ಗಾಯ. ಕರಿಮಣಿ ಹರಿದ್ರು, ಮಣಿ ಎಲ್ಲಾ ಚೆಲ್ಲಿ ಹೋಯ್ತು, ನೀ ಆರಿಸ್ಕಂಡು ಆಡ್ತಿದ್ದೆ. ಬೇಡ ಅಂತ ಕಿರುಚ್ಕಂಡೆ. ಯಾರಾದ್ರೂ ಕೇಳಿದ್ರಾ?"

ಈ ಮಾತನ್ನು ಮಂಗೇಶ ಎಂದೂ ಕೇಳಿರಲಿಲ್ಲ.

"ಆ ದಿನ ಬಾಗಿಲಲ್ಲಿ ಕೂತು ನೋಡ್ದೆ. ನಿನ್ನ ಹೆಂಡ್ತಿ ತಾನೇ ತೆಗ್ದ್ಳು, ತಾನೇ ಹಾಕ್ಕಂಡ್ಳು. ಮತ್ತೆ ತೆಗ್ದ್ಳು, ಮತ್ತೆ ಹಾಕ್ಕಂಡ್ಳು. ಯಾರೂ ಅವ್ಳ ಕೈ ಹಿಡೀಲಿಲ್ಲ. ನಂಗೆ ಸಿಟ್ಟು ಬರ್ಲಿಲ್ಲ ಮಗಾ. ಹೊಟ್ಟೆಕಿಚ್ಚಾಯ್ತು. ಅದಕ್ಕೇ ಗಂಜಿ ಗಂಟಲಲ್ಲಿ ಇಳೀಲಿಲ್ಲ."

"ಆದ್ರೆ ಬೋಟಿನವ್ರು..."

"ಬೋಟಿನವ್ರಿಗೆ ನಾ ಕೇಳಿದೆ ಅಂತ ಕೇಳು. ನಾನು ಒಂದಿನಾನೂ ತೆಗೀಲಿಲ್ಲ. ಮೀಯೂವಾಗೂ ತೆಗೀಲಿಲ್ಲ. ಸಮುದ್ರಕ್ಕೆ ಹೋದ ನಿನ್ನಪ್ಪ ವಾಪಸು ಬಂದ್ನಾ? ಮೂರನೇ ದಿನ ಬೆಲೇಕೇರಿ ದಂಡೇಲಿ ಹೆಣವಾಗಿ ಸಿಕ್ದ. ಯಾರ ಹೆಂಡ್ತಿ ಕರಿಮಣಿ ತೆಗೆದದ್ದಕ್ಕೆ ಅವ ಸತ್ತ, ಬೀರಾಂಗೆ ಕೇಳು."

ವಿನುತಾ ಬಾಗಿಲಲ್ಲೇ ನಿಂತಿದ್ದಳು. ಕೈಯ ಸಾಬೂನು ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮಂಗೇಶ ತಾಯಿಯ ಮುಂಗೈಯ ಗಾಯದ ಕಲೆಯನ್ನು ನೋಡಿದ. ಆಮೇಲೆ ಅಂಗಿ ಹಾಕಿಕೊಂಡು ಹೊರಗೆ ಹೋದ. ಮಧ್ಯಾಹ್ನ ಹೀರಾ ಬಂದಾಗ ಅವನು ಇರಲಿಲ್ಲ.

ಅವನು ಹೋದದ್ದು ಬೈತಖೋಲಕ್ಕೆ. ಭಾನುವಾರವಾದ್ದರಿಂದ ಬೋಟು ಬಂದರಿನ ದಕ್ಕೆಯಲ್ಲೇ ಇತ್ತು. ಖಲಾಸಿಗಳು ಬಲೆ ಹರಡಿ ಕೂತಿದ್ದರು, ರಾಮಾ ಡೀಸೆಲ್ ಕ್ಯಾನುಗಳ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ.

"ಬಂದ್ಯಾ? ನಾಳೆ ಸೋಮವಾರಕ್ಕಾದ್ರೂ ಕರ್ಕಂಬತ್ಯಾ ಹೆಂಡ್ತೀನ?"

"ಅವ್ಳು ಬರೂದಿಲ್ಲ. ನಾನು ಕರೆಯೂದೂ ಇಲ್ಲ."

"ಹಾಗಾದ್ರೆ ತಾಂಡೇಲ್ಕಿ ಬೀರಾಂಗೇ ಖಾಯಂ ಕೊಡ್ತೆ. ಆಮೇಲೆ ನನ್ನ ಬಯ್ಯಬೇಡ."

"ಕೊಡಿ. ನನ್ನ ರೇನ್‌ಕೋಟು, ಚೂರಿ, ಬುತ್ತಿ ಡಬ್ಬ ಒಳಗಿದೆ. ತಗಂಡು ಹೋಗ್ತೆ."

ಬೀರಾ ಬಲೆಯಿಂದ ತಲೆಯೆತ್ತದೆ, "ಹೆಂಡ್ತಿ ಮಾತಿಗೆ ಹನ್ನೊಂದು ವರ್ಷ ನೀರಿಗೆ ಹಾಕ್ದ," ಎಂದು ನಕ್ಕ.

ಬೋಟಿನಿಂದ ಇಳಿಯುತ್ತಿದ್ದ ಮಂಗೇಶ ನಿಂತ. "ನನ್ನಪ್ಪ ಇದೇ ಸಮುದ್ರದಲ್ಲಿ ಸತ್ತ. ನನ್ನ ಆಯಿ ಕರಿಮಣಿ ಕೊರಳಲ್ಲೇ ಇತ್ತು. ಅದನ್ನ ಕೇಳು ಅಂತ ಅವ್ಳೇ ಹೇಳಿ ಕಳಿಸಿದಾಳೆ. ಹೇಳು ಬೀರಾ."

ಬೀರಾ ಬಲೆಯ ಸೂಜಿಗೆ ನೂಲು ಸುತ್ತತೊಡಗಿದ. ಮಂಗೇಶ ಡಬ್ಬ ಚೀಲಕ್ಕೆ ಹಾಕಿಕೊಂಡು ಹೊರಟ.

ಮನೆಗೆ ಬಂದು ಒಳಗೆ ಹೀರಾಳ ಎದುರು ಕೂತು ಉಂಡ. "ಬೆಲೇಕೇರಿಯಲ್ಲಿ ಒಂದು ಬೋಟಿಗೆ ಖಲಾಸಿ ಬೇಕಂತೆ. ಪಾಲು ಕಡಿಮೆ," ಎಂದ.

"ಕಡಿಮೆ ಅಂದ್ರೆ ಕಡಿಮೆ ಉಣ್ಣುವಾ," ಎನ್ನುತ್ತ ಹೀರಾ ಅವನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದಳು. ಅವಳ ಕಣ್ಣು ತುಂಬಿತ್ತು. ತಾಂಡೇಲನಾಗಬೇಕೆಂದು ಅವನು ಎಷ್ಟು ಆಸೆಪಟ್ಟಿದ್ದನೆಂದು ಅವಳಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಅವನೂ ಕೇಳಲಿಲ್ಲ.

ಪ್ರದೀಪನ ಕಂಪ್ಯೂಟರ್ ಸರಿಯಾಗಲು ಸೆಪ್ಟೆಂಬರ್ ಬಂತು. ವಿನುತಾ ಮೂರು ದಿನ ಕಾಲೇಜು ತಪ್ಪಿಸಿ, ಪ್ರಗತಿಯನ್ನು ಕೂರಿಸಿಕೊಂಡು ಚಿತ್ರ ಜೋಡಿಸಿದಳು. "ಕರಿಮಣಿ ಸೀನು ಸ್ವಲ್ಪ ಕಡಿಮೆ ಮಾಡು, ಜನ ಬೇಜಾರು ಮಾಡ್ಕಳ್ತ್ರು" ಎಂದ ಪ್ರದೀಪ. ಅವಳು ಒಂದು ಸೆಕೆಂಡೂ ಕತ್ತರಿಸಲಿಲ್ಲ.

ಪ್ರದರ್ಶನ ಒಂದು ಶನಿವಾರ ಮಧ್ಯಾಹ್ನ, ಕಾಲೇಜಿನ ಸಭಾಂಗಣದಲ್ಲಿ. ಹೀರಾ ಬೇಗ ಮೀನು ಮಾರಿ ಮುಗಿಸಿ, ಮಿಂದು, ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ತಿಮ್ಮಿ ಕಾರವಾರ ನೋಡಿ ಒಂಬತ್ತು ವರ್ಷವಾಗಿತ್ತು. ಮಂಗೇಶ ಬೆಲೇಕೇರಿಯಿಂದ ನೇರ ಬಂದವನು, ಅಂಗಿಯಲ್ಲಿ ಮೀನಿನ ವಾಸನೆ ಇದೆಯೆಂದು ಹಿಂದಿನ ಗೋಡೆಗೆ ಒರಗಿ ನಿಂತ. ಹೀರಾ ತಿರುಗಿ ನೋಡಿ, ತನ್ನ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿದಳು. ಅವನು ಬಂದು ಕೂತ.

ಐದನೆಯದು ವಿನುತಾಳ ಚಿತ್ರ. ಪರದೆಯ ಮೇಲೆ ಹೀರಾ ಕನ್ನಡಿಯ ಮುಂದೆ ಬಂದು ನಿಂತಾಗ ಗುಸುಗುಸು ನಿಂತಿತು. ಅವಳು ಕುಂಕುಮ ಒರೆಸಿದಳು, ಕರಿಮಣಿ ತೆಗೆದಳು, ಮೊಳೆಗೆ ಹಾಕಿದಳು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು "ಛೇ!" ಎಂದಳು. ತಿಮ್ಮಿ ಕತ್ತು ತಿರುಗಿಸಿ, "ಸುಮ್ನೆ ನೋಡು. ಅದು ನನ್ನ ಸೊಸೆ" ಎಂದು ಗಟ್ಟಿಯಾಗಿಯೇ ಹೇಳಿದಳು. ಮುಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು.

ಬಹುಮಾನ ಬರಲಿಲ್ಲ. ಬೆಳಕು ಸಾಲದು, ಮಾತು ಸ್ಪಷ್ಟವಿಲ್ಲ ಎಂದು ತೀರ್ಪುಗಾರರು ಹೇಳಿದರು. ವಿನುತಾ ಮುಖ ಊದಿಸಿಕೊಂಡು ಹೊರಗೆ ಬಂದಳು. ಆದರೆ ಕಾರಿಡಾರಿನಲ್ಲಿ ಹುಡುಗಿಯರು ಹೀರಾಳನ್ನು ಸುತ್ತುವರಿದು ನಿಂತಿದ್ದರು. ನಟನೆ ಎಲ್ಲಿ ಕಲಿತಿರಿ ಎಂದು ಒಬ್ಬಳು ಕೇಳಿದ್ದಕ್ಕೆ ಹೀರಾ, "ಮೀನುಪೇಟೇಲಿ" ಎನ್ನುತ್ತಿದ್ದಳು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಮಂಗೇಶ ಮಗಳ ಪಕ್ಕಕ್ಕೆ ಬಂದ. ಕೇಳಿದ:

"ಬಾವೀಲಿ ತೇಲ್ತಿದ್ದದ್ದು ನನ್ನ ನೀಲಿ ಅಂಗಿ ಅಲ್ಲದಾ?"

"ಹೌದು ಅಪ್ಪಾ. ಒಳಗೆ ತೆಂಗಿನ ಸಿಪ್ಪೆ ತುಂಬಿದ್ದೆ."

"ಅಂದ್ರೆ..." ಅವನು ಹೀರಾಳ ಕಡೆ ತಿರುಗಿದ. "ನೀ ವಿಧವೆ ಆದೆ ಅಂತ ಊರೆಲ್ಲಾ ಬೊಬ್ಬೆ. ಕೊಂದವ್ಳೂ ನೀನೇಯಾ?"

"ನಾನೇ."

"ಒಂದೂವರೆ ತಿಂಗ್ಳು ಜಗಳ ಆಡಿದ್ರೂ ಒಬ್ರೂ ಇದನ್ನ ಹೇಳ್ಲಿಲ್ಲ ನಂಗೆ!"

"ನೀವು ಕೇಳ್ಲಿಲ್ಲ," ಎಂದಳು ಹೀರಾ.

ತಿಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಸ್‌ಸ್ಟ್ಯಾಂಡಿನ ಚಾದಂಗಡಿಯ ಮುಂದೆ ಬೀರಾ ಇನ್ನಿಬ್ಬರು ಖಲಾಸಿಗಳ ಜೊತೆ ನಿಂತಿದ್ದ. ಇವರನ್ನು ಕಂಡು ಮುಖ ಆಚೆ ತಿರುಗಿಸಿದ. ಒಂದು ತಿಂಗಳ ಹಿಂದಾಗಿದ್ದರೆ ಮಂಗೇಶ ತಲೆತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಈಗ ನೇರವಾಗಿ ಅವನ ಮುಂದೆ ಹೋಗಿ ನಿಂತ.

"ಬೀರಾ, ಪಿಚ್ಚರ್ ನೋಡೂಕೆ ನೀ ಬರ್ಲಿಲ್ಲ. ಇವ್ಳು ಬರೀ ಕರಿಮಣಿ ತೆಗೆದದ್ದಲ್ಲ ಮಾರಾಯಾ, ನನ್ನನ್ನ ಬಾವಿಗೆ ದೂಡಿ ಕೊಂದೂ ಹಾಕಿದಾಳೆ. ಎಲ್ಲರಿಗೂ ಹೇಳು." ಅವನು ಹೀರಾಳ ಕೈಯ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿದ. "ಸೋಮವಾರ ಬೆಳಗಿನ ಜಾವ ನಾ ಬೆಲೇಕೇರಿಯಿಂದ ಬೋಟು ಹತ್ತೂದೆ. ಅದನ್ನೂ ಹೇಳು."

ಅಂಕೋಲೆಯ ಬಸ್ಸು ಬಂತು. ಸೀಟಿಗಾಗಿ ಎಲ್ಲರಿಗಿಂತ ಮೊದಲು ನುಗ್ಗಿದವಳು ತಿಮ್ಮಿ.